ನೀನು ಕಂಡ ಪಾದರಸದ ಕಣ

ಸೆಲ್ವಿ, ಆ ಕಣ ಇತ್ತು. ನೀನು ಕಂಡದ್ದು ನಿಜ, ಯಾಕೆಂದರೆ ನಾನೂ ಕಂಡಿದ್ದೆ. ಅದನ್ನು ಹಾಳುಮಾಡಿದವಳು ನಾನು. ಆಮೇಲೆ ಮೇಷ್ಟ್ರ ಎದುರು, ಹೊರಗಿನಿಂದ ಬಂದಿದ್ದ ಆ ವಿಜ್ಞಾನಿಯ ಎದುರು, ನಿನ್ನ ಮುಖಕ್ಕೇ 'ಏನೂ ಕಾಣಲಿಲ್ಲ' ಎಂದವಳೂ ನಾನೇ.

ಇಷ್ಟು ಬರೆಯುವುದಕ್ಕೆ ಕೂದಲು ಹಣ್ಣಾಗಬೇಕಾಯಿತು. ಪಾಠ ಮಾಡಿ ಹೊಟ್ಟೆ ಹೊರೆದವಳು ನಾನು, ಗಿರಿಜಾ ಮೇಡಂ ಕೊರೆಯಲು ಕೂತರೆ ಬೆಲ್ ಹೊಡೆದರೂ ನಿಲ್ಲಿಸುವುದಿಲ್ಲ ಎಂದು ಹುಡುಗರು ನಗುತ್ತಿದ್ದರು. ಈ ಮಾತೊಂದನ್ನು ಮಾತ್ರ ಆಡಲಿಲ್ಲ. ನಿನಗೆ ಗೊತ್ತಿರುವುದನ್ನೇ ಮೊದಲಿನಿಂದ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡ — ನಿನಗೆ ಗೊತ್ತಿರುವುದರಲ್ಲಿ ಒಂದು ಮಧ್ಯಾಹ್ನ ಇಲ್ಲ.

ಆಗ ನಾವಿಬ್ಬರೂ ಶಿವಮೊಗ್ಗದಲ್ಲಿ ಭೂವಿಜ್ಞಾನದ ಎಂ.ಎಸ್ಸಿ. ಓದುತ್ತಿದ್ದೆವು. ನೀನು ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸಿನಿಂದ ದಿನಾ ಬಸ್ಸಿಗೆ ಬರುತ್ತಿದ್ದೆ. ನಾನು ಪೇಟೆಯ ಪಾತ್ರೆ ಅಂಗಡಿಯವರ ಮಗಳು. ಓದು ಆಗ ನನಗೆ ಹೊಟ್ಟೆಪಾಡಿನ ಮಾತಾಗಿರಲಿಲ್ಲ. ಹೊಳಲೂರು ದಾಟಿ ಹೊನ್ನಾಳಿ ಕಡೆ ಹೋದರೆ, ಯಾವ ಕಾಲದಲ್ಲೋ ಚಿನ್ನಕ್ಕಾಗಿ ಅಗೆದ ಗುಂಡಿಗಳಿವೆಯಲ್ಲ, ಅಲ್ಲಿಯ ಕಲ್ಲುರಾಶಿಯಿಂದ ನೀನೊಂದು ಬೆಣಚುಕಲ್ಲು ಆರಿಸಿ ತಂದಿದ್ದೆ. ಅದರ ಚೂರೊಂದನ್ನು ಕೊಯ್ದು, ಅಂಟಿನ ಅಚ್ಚಿನಲ್ಲಿ ಕೂರಿಸಿ, ಕನ್ನಡಿಯ ಹಾಗೆ ಪಾಲಿಷ್ ಮಾಡಿ ಮೈಕ್ರೋಸ್ಕೋಪಿನ ಕೆಳಗೆ ಇಟ್ಟಿದ್ದೆ. ಶನಿವಾರ ಮಧ್ಯಾಹ್ನ ಲ್ಯಾಬಿನಲ್ಲಿ ನಾವಿಬ್ಬರೇ.

"ಚಿನ್ನದ ಚುಕ್ಕೆ ಪಕ್ಕದ ಬಿಳಿ ಕಣ ನೋಡೇ. ಗೆಲೀನಾ ಅಂತೀಯಾ?"

ಗೆಲೀನಾ ಎಂದೇ ನಾನು ಹೇಳುವುದರಲ್ಲಿದ್ದೆ. ಸೀಸದ ಆ ಅದಿರೂ ಹಾಗೆಯೇ ಬೆಳ್ಳಗೆ ಹೊಳೆಯುತ್ತದೆ. ಆದರೆ ಅದನ್ನು ಪಾಲಿಷ್ ಮಾಡಿದರೆ ಮೈಮೇಲೆ ತ್ರಿಕೋನದ ಪುಟ್ಟ ಗುಳಿಗಳು ಬೀಳುತ್ತವೆ; ಇಲ್ಲಿ ಒಂದೂ ಇರಲಿಲ್ಲ. ಬಿಳುಪಿನೊಳಗೆ ತುಸು ಕಂದು ಬೆರೆತಿತ್ತು. ಬೆಳಕು ಸೋಸುವ ಪೋಲರೈಸರುಗಳನ್ನು ಅಡ್ಡ ಹಾಕಿ ಕಲ್ಲನ್ನು ಸುತ್ತ ತಿರುಗಿಸಿದರೂ ಕಣ ಕಪ್ಪಾಗಿಯೇ ಉಳಿಯಿತು. ನೀನು ಆಗಲೇ ಸೂಜಿ ಮೊನೆ ತಾಗಿಸಿ ನೋಡಿದ್ದೆ, ಗೀರು ಬಿದ್ದಿತ್ತು. ಉಗುರಿನಷ್ಟೇ ಗಟ್ಟಿ. "ಕೊಲರಾಡೊಯಿಟ್" ಎಂದು ಹೇಳುತ್ತ ನೀನು, ಯಾರೋ ಕೇಳಿಸಿಕೊಂಡು ಕಿತ್ತುಕೊಳ್ಳುತ್ತಾರೇನೋ ಎನ್ನುವ ಹಾಗೆ ಬಾಗಿಲ ಕಡೆ ನೋಡಿದೆ.

ಪಾದರಸದ ಅದಿರು ಎಂದರೆ ಎಲ್ಲರೂ ಕೆಂಪಗಿನ ಇಂಗಳೀಕವನ್ನು ನೆನೆಯುತ್ತಾರೆ. ಇದು ಅದಲ್ಲ. ಪಾದರಸ ಟೆಲ್ಲುರಿಯಂ ಎಂಬ ಅಪರೂಪದ ಧಾತುವಿನೊಡನೆ ಕೂಡಿ ಆದದ್ದು. ಬರಿಗಣ್ಣಿಗೆ ಕಬ್ಬಿಣದ ಹಾಗೆ ಕಪ್ಪು, ಗಾತ್ರಕ್ಕೆ ಮೀರಿದ ತೂಕ. ಪ್ರಪಂಚದ ಕೆಲವೇ ಚಿನ್ನದ ಗಣಿಗಳಲ್ಲಿ, ಅಲ್ಲಿಯೂ ಹೆಚ್ಚಾಗಿ, ಹುಡುಕಿದರಷ್ಟೇ ಸಿಗುವ ಕಣಗಳಾಗಿ ಇರುತ್ತದೆ. ಮೊದಲು ಸಿಕ್ಕ ಅಮೆರಿಕದ ಸೀಮೆಯ ಹೆಸರನ್ನೇ ಅದಕ್ಕೆ ಇಟ್ಟಿದ್ದಾರೆ. ನಮ್ಮ ಸೀಮೆಯ ಕಲ್ಲಿನಲ್ಲಿ ಅದು ಇದೆ ಎಂದು ನಾವು ಎಲ್ಲೂ ಓದಿರಲಿಲ್ಲ.

ಸೋಮವಾರ ಆ ವಿಜ್ಞಾನಿ ಬರುವವರಿದ್ದರು. ತೋರಿಸಿದರೆ ತಮ್ಮ ಪ್ರಯೋಗಾಲಯಕ್ಕೆ ಒಯ್ದು ಪರೀಕ್ಷಿಸುತ್ತಾರೆ, ನಿಜವೆಂದಾದರೆ ನಿನ್ನನ್ನು ಸಂಶೋಧನೆಗೆ ಸೇರಿಸಿಕೊಳ್ಳುತ್ತಾರೆ ಎಂದು ನೀನು ಆಸೆ ಇಟ್ಟುಕೊಂಡಿದ್ದೆ. "ಅಲ್ಲೀತನಕ ಯಾರ್ಗೂ ಹೇಳ್ಬೇಡ ಮಾರಾಯ್ತಿ" ಎಂದು ಬಸ್ಸಿಗೆ ಓಡಿದೆ.

ನನ್ನ ಕೈ ಸುಮ್ಮನಿರಲಿಲ್ಲ. ಸೂಜಿಯ ಗೀರು ಎದ್ದು ಕಾಣುತ್ತಿದೆ, ದೊಡ್ಡವರು ನೋಡುವಾಗ ನುಣುಪಾಗಿರಲಿ ಎಂದುಕೊಂಡು ಆ ಚೂರನ್ನು ಮತ್ತೆ ಪಾಲಿಷ್ ಚಕ್ರಕ್ಕೆ ಒತ್ತಿದೆ. ಸಹಾಯ ಮಾಡುತ್ತಿದ್ದೇನೆ ಅನ್ನಿಸಿತ್ತು — ಅಥವಾ ನಿನಗೆ ಸಿಕ್ಕಿದ್ದರಲ್ಲಿ ನನ್ನ ಕೈಯೂ ಇರಲಿ ಎಂದು — ಹೊಟ್ಟೆಕಿಚ್ಚು ಇರಲಿಲ್ಲ ಎಂದು ಎದೆಮುಟ್ಟಿ ಹೇಳಲಾರೆ. ಬೇಗ ಆಗಲಿ ಎಂದು ಒರಟು ಪುಡಿ ಹಾಕಿದ್ದೆ. ಗಟ್ಟಿ ಬೆಣಚಿನ ನಡುವೆ ಮೃದುವಾದ ಕಣವಿದ್ದರೆ ಮೊದಲು ಕಿತ್ತುಬರುವುದು ಅದೇ. ಇದನ್ನು ನಾನು ಆಮೇಲೆ ಎಷ್ಟು ತಂಡಗಳಿಗೆ ಪಾಠ ಮಾಡಿದೆನೋ.

ಮತ್ತೆ ಮೈಕ್ರೋಸ್ಕೋಪಿನಲ್ಲಿ ನೋಡಿದೆ. ಚಿನ್ನದ ಚುಕ್ಕೆಯೂ ಇಲ್ಲ, ಅದರ ಪಕ್ಕದ್ದೂ ಇಲ್ಲ. ಒಂದು ಕರಿಯ ಗುಳಿ.

ಇಲ್ಲಿಯವರೆಗಿನದು ದಡ್ಡತನ. ಆಮೇಲಿನದಕ್ಕೆ ಆ ಹೆಸರು ಕೊಡಲಾರೆ. ಆ ಗುಳಿಯೂ ಕಾಣದಂತೆ ಕಲ್ಲನ್ನು ಇನ್ನಷ್ಟು ತೇಯ್ದೆ. ನುಣ್ಣನೆಯ ಪುಡಿ ಹಾಕಿ ಮೊದಲಿನ ಹೊಳಪು ತಂದೆ, ಚಕ್ರದ ಬಟ್ಟೆಯನ್ನು ನಲ್ಲಿಯ ಕೆಳಗೆ ಹಿಡಿದು ತೊಳೆದೆ. ನೀನು ಕಂಡದ್ದು ಆ ಬೂದುನೀರಿನಲ್ಲಿ ಹೋಗಿರಬೇಕು. ಭದ್ರಾವತಿ ಏನು ಮಹಾ ದೂರ? ಮುಂದಿನ ಬಸ್ಸು ಹತ್ತಿದ್ದರೆ ಸಂಜೆಯೊಳಗೆ ನಿನಗೆ ಹೇಳಿ, ಬೈಸಿಕೊಂಡು, ಊಟ ಮಾಡಿಕೊಂಡೇ ಬರಬಹುದಿತ್ತು. ಭಾನುವಾರವಿಡೀ ಮನೆಯಲ್ಲೇ ಕೂತೆ.

ಸೋಮವಾರ ನೀನು ಎಷ್ಟು ಹೊತ್ತು ಹುಡುಕಿದೆ! ಕಲ್ಲು ಅದಲುಬದಲಾಗಿದೆಯೇನೋ ಎಂದು ಡಬ್ಬಿಗಳನ್ನೆಲ್ಲ ತಡಕಾಡಿದೆ. ಬಂದವರು ಗಡಿಯಾರ ನೋಡಿಕೊಂಡರು. ಮೇಷ್ಟ್ರಿಗೆ ಅವಮಾನವಾದಂತಾಯಿತು.

"ಏನಮ್ಮ, ಆಸೆಪಟ್ಟಿದ್ದೆಲ್ಲಾ ಕಲ್ಲಲ್ಲಿ ಕಾಣುತ್ತಾ ನಿಂಗೆ?"

ನೀನು ನನ್ನ ಕಡೆ ತಿರುಗಿದೆ. "ಗಿರಿಜಾ, ನೀನೂ ನೋಡಿದ್ಯಲ್ಲ. ಹೇಳೇ."

"ಇಲ್ಲ ಸರ್" ಎಂದೆ. "ನಂಗೇನೂ ಕಾಣ್ಲಿಲ್ಲ."

ನಿನ್ನನ್ನು ನೋಡಿ ಉತ್ತರ ಕೊಡುವ ಧೈರ್ಯ ನನಗಿರಲಿಲ್ಲ, ಅದಕ್ಕೇ ಸರ್ ಎಂದೆ. ನೀನು ಜಗಳ ಆಡಬಹುದಿತ್ತು. ಆಡಲಿಲ್ಲ. ಹೊರಗೆ ಬಂದ ಮೇಲೆ, "ನಂದೇ ತಪ್ಪು ಬಿಡೇ, ಬಸ್ಸಿನ ಸುಸ್ತಲ್ಲಿ ಏನೋ ಕಂಡಿರ್ಬೇಕು" ಎಂದೆ. ನನ್ನ ಮೇಲೆ ಅನುಮಾನ ಬರಲೇ ಇಲ್ಲ ನಿನಗೆ. ನಿನ್ನ ಕಣ್ಣಿನ ಮೇಲೇ ಬಂತು.

ಆ ವಿಜ್ಞಾನಿಯ ಬಳಿ ಸಂಶೋಧನೆಗೆ ಸೇರಿದವಳು ನಾನು. ಅದನ್ನೂ ಹೇಳಿಬಿಡಬೇಕು. ಕರೆದಾಗ ಬೇಡ ಎನ್ನಲಿಲ್ಲ. ನೀನು ಪರೀಕ್ಷೆ ಮುಗಿಸಿ ಕಲ್ಲುಗಳ ಸಹವಾಸವೇ ಬಿಟ್ಟೆ. ನೀನು ಬಿಟ್ಟುಹೋದ ಆ ಬೆಣಚುಕಲ್ಲನ್ನು ನಾನು ಇಟ್ಟುಕೊಂಡೆ. ಯಾಕೆ ಗೊತ್ತೇ? ಇನ್ನೊಂದು ಕಣ ಸಿಕ್ಕಿಬಿಟ್ಟರೆ, 'ಸೆಲ್ವಿ ಅಂದದ್ದು ಸರಿ' ಎಂದು ನಾನೇ ಸಾರಬಹುದು, ಚಕ್ರದ ವಿಷಯ ಬಾಯಿಬಿಡದೆಯೇ ಒಳ್ಳೆಯವಳಾಗಬಹುದು! ಪ್ರತಿ ವರ್ಷ ಅದರಲ್ಲೊಂದು ಚೂರು ಕೊಯ್ಯುತ್ತಿದ್ದೆ, ರಜೆಯಲ್ಲಿ ಯಾರೂ ಇಲ್ಲದ ಲ್ಯಾಬಿನಲ್ಲಿ ಕೂತು ಹುಡುಕುತ್ತಿದ್ದೆ. ಹೊನ್ನಾಳಿ ಕಡೆಯ ಗುಂಡಿಗಳಿಗೂ ಒಬ್ಬಳೇ ಹೋಗಿ ಬಂದೆ. ಗೆಲೀನಾ ಸಿಕ್ಕಿತು, ಚಿನ್ನವೂ ಸಿಕ್ಕಿತು. ಅದು ಸಿಗಲಿಲ್ಲ. ನಿವೃತ್ತಿಗೆ ಮುಂಚೆ ಕೊನೆಯ ಚೂರೂ ಮುಗಿಯಿತು. ಇನ್ನು ಆ ಕಣ ಇತ್ತು ಎನ್ನುವುದಕ್ಕೆ ನನ್ನ ಮಾತು ಬಿಟ್ಟರೆ ಬೇರೆ ಆಧಾರವಿಲ್ಲ.

ಹಾಗಿದ್ದೂ ಸುಮ್ಮನಿದ್ದೆ. ಕಾರಣ ನಾಚಿಕೆಗೇಡಿನದು, ಆದರೂ ಹೇಳುತ್ತೇನೆ. ಶಿವಮೊಗ್ಗದ ಗೋಪಾಳ ಬಡಾವಣೆಯ ಈ ಮನೆಯಲ್ಲಿ ನಾನೊಬ್ಬಳೇ. ಅಣ್ಣಂದಿರು ಹಬ್ಬಕ್ಕೆ ಕರೆದು ಊಟ ಹಾಕಿ ಕಳಿಸುತ್ತಾರೆ. ಭಾನುವಾರ ಫೋನ್ ಮಾಡಿ "ತಿಂಡಿ ಆಯ್ತೇನೇ" ಎಂದು ಕೇಳುವವಳು ನೀನೊಬ್ಬಳು. ಆ ದಿನ ನಿನ್ನ ಫೋನ್ ಬರುವವರೆಗೆ ನಾನು ಸ್ನಾನಕ್ಕೂ ಹೋಗುವುದಿಲ್ಲ. ಹೇಳಿಬಿಟ್ಟರೆ ಅದೂ ಹೋಗುತ್ತದೆ.

ಹೋದ ವಾರ ಬೂದುಬಣ್ಣದ ಸೀರೆಗೆ ಬ್ಲೌಸ್ ಪೀಸ್ ಬೇಕೆಂದು ಭದ್ರಾವತಿಗೆ, ನಿನ್ನ ಮ್ಯಾಚಿಂಗ್ ಸೆಂಟರಿಗೆ ಬಂದೆನಲ್ಲ. ಗೋಡೆ ತುಂಬ ಬೂದುಬಣ್ಣದ ಬಟ್ಟೆಗಳಿದ್ದವು. ನೀನು ಸೀರೆಯನ್ನು ಒಮ್ಮೆ ನೋಡಿ, ತಡವರಿಸದೆ ಒಂದನ್ನು ಎಳೆದೆ. ನೂಲಿಗೆ ನೂಲು ಸೇರಿದ ಹಾಗಿತ್ತು. ಮರುಕ್ಷಣವೇ ಅದನ್ನು ನನ್ನ ಕೈಗೆ ತುರುಕಿದೆ. "ಹೊರಗಡೆ ಬೆಳಕಲ್ಲಿ ನೀನೇ ನೋಡ್ಕೊಳ್ಳೇ. ನನ್ ಕಣ್ಣು ನಂಬ್ಬೇಡ."

"ಅಮ್ಮ ಎಲ್ಲಾ ಕಸ್ಟಮರ್ಸ್‌ಗೂ ಹಂಗೇ ಅಂತಾಳೆ ಆಂಟಿ" ಎಂದು ನಿನ್ನ ಮಗಳು ನಕ್ಕಳು. "ಒಂದಿನಾನೂ ತಪ್ಪಿಲ್ಲ. ಆದ್ರೂ ಡೌಟು."

ನೀನೂ ನಕ್ಕೆ. ನಾನು ಹೊರಗೆ ಹೋಗಿ, ಬಿಸಿಲಿನಲ್ಲಿ ಬಟ್ಟೆ ಹಿಡಿದು ನಿಂತು, ಒಳಗೆ ಬಂದು "ಸರಿಯಾಗಿದೆ" ಎಂದೆ. ಅಷ್ಟೇ ಹೇಳಿ ಬಸ್ಸು ಹತ್ತಿದೆ, ಸೆಲ್ವಿ. ನಿನ್ನ ಸಂಶೋಧನೆ, ನಿನ್ನ ಹೆಸರು, ಇವನ್ನು ಕಿತ್ತುಕೊಂಡೆ ಎಂದಷ್ಟೇ ತಿಳಿದಿದ್ದೆ. ನಿನ್ನ ಕಣ್ಣನ್ನು ನೆಚ್ಚಿ ಒಂದು ತುಂಡು ಬಟ್ಟೆ ಕೊಡುವುದಕ್ಕೂ ನಿನಗೆ ಧೈರ್ಯವಿಲ್ಲದ ಹಾಗೆ ಮಾಡಿದ್ದೇನೆ ಎಂದು ಗೊತ್ತಿರಲಿಲ್ಲ.

ಬುಧವಾರ ಬರುತ್ತೇನೆ. ಮಗಳು ಅಂಗಡಿಯಲ್ಲಿರುವ ಹೊತ್ತಿಗೇ ಬರುತ್ತೇನೆ, ನಾನು ಸುಳ್ಳು ಹೇಳಿದ್ದೂ ನಾಲ್ಕು ಜನರ ಎದುರೇ ಅಲ್ಲವೇ. ಈ ಕಾಗದವನ್ನು ಅಂಚೆಗೆ ಹಾಕುವುದಿಲ್ಲ, ನೋಡಿಕೊಂಡು ಓದುವುದೂ ಇಲ್ಲ, ನಿನ್ನ ಮುಖ ನೋಡಿ ಹೇಳುತ್ತೇನೆ. ಅಳದಿರಲು ಪ್ರಯತ್ನಿಸುತ್ತೇನೆ — ಅತ್ತರೆ ನೀನು ನೀರು ತಂದುಕೊಟ್ಟು ನನ್ನನ್ನೇ ಸಮಾಧಾನ ಮಾಡುತ್ತೀಯ, ನಿನ್ನ ಗುಣ ನನಗೆ ಗೊತ್ತು. ಕ್ಷಮಿಸು ಎಂದೂ ಕೇಳುವುದಿಲ್ಲ. ಆಮೇಲಿನ ಭಾನುವಾರ ನಿನ್ನ ಫೋನ್ ಬಾರದಿದ್ದರೆ, ಯಾಕೆ ಎಂದು ಕೇಳಲು ನಾನಾಗಿ ಫೋನ್ ಮಾಡುವುದಿಲ್ಲ.