ಅಮಾವಾಸ್ಯೆಯ ಪಾಳಿ

ರಾಯಚೂರಿನ ಆಸ್ಪತ್ರೆಯೊಂದರಲ್ಲಿ ನಾನು ಸಿಸ್ಟರ್. ಹೆಣ್ಣುಮಕ್ಕಳ ವಾರ್ಡಿನಲ್ಲಿ ಆಪರೇಷನ್‌ಗೆ ಹೆಸರು ಬರೆಸಿ ಹೋದವರಿಗೆ ಫೋನ್ ಮಾಡಿ, "ನಿಮ್ಮ ಪಾಳಿ ಬಂದದ, ಬರ್ರಿ" ಎಂದು ಕರೆಯುವ ಕೆಲಸವೂ ನನ್ನದೇ. ಹತ್ತಿ ಬಿತ್ತುವಾಗ ಹೆಸರು ಬರೆಸಿದವಳನ್ನು ಕರೆಯುವ ಹೊತ್ತಿಗೆ ಹತ್ತಿ ಬಿಡಿಸಿಯೇ ಮುಗಿದಿರುತ್ತದೆ, ಅಷ್ಟು ಜನ ಕಾಯುತ್ತಿರುತ್ತಾರೆ. ಆದರೂ ತಿಂಗಳಿಗೊಮ್ಮೆ ನಮ್ಮ ಆಪರೇಷನ್ ಥಿಯೇಟರ್ ಖಾಲಿ ಬೀಳುತ್ತಿತ್ತು. ಅದು ಅಮಾವಾಸ್ಯೆಯ ದಿನ.

ಆ ದಿನ ಬರುವುದಿಲ್ಲ ಎಂದು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. "ಬರ್ತೀವ್ರೀ ಯಕ್ಕಾ" ಅನ್ನುವರು. ಬೆಳಿಗ್ಗೆ ನೋಡಿದರೆ ಹಾಸಿಗೆ ಹಾಸಿದ ಹಾಗೇ ಇರುತ್ತಿತ್ತು. ಮತ್ತೆ ಫೋನ್ ಹಚ್ಚಿದರೆ, "ಮಗ ಊರಿಗಿ ಹೋಗ್ಯಾನ್ರೀ, ಕರ್ಕೊಂಡ್ ಬರಾಕ ಯಾರೂ ಇಲ್ಲ" ಎಂಬ ಉತ್ತರ. ಇಡೀ ಜಿಲ್ಲೆಯ ಗಂಡುಮಕ್ಕಳೆಲ್ಲ ಅದೊಂದೇ ದಿನ ಊರಿಗೆ ಹೋಗುವುದು ಹೇಗೋ! ಒಂದು ಕಡೆ ನೋವು ತಿನ್ನುತ್ತ ಕಾಯುವವರು, ಇನ್ನೊಂದು ಕಡೆ ಸುಮ್ಮನೆ ಕೂತ ಡಾಕ್ಟರು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಮೈಸೂರು ಕಡೆಯಿಂದ ಹೊಸದಾಗಿ ಬಂದ ಡಾಕ್ಟರಮ್ಮ ಇದಕ್ಕೊಂದು ದಾರಿ ಹುಡುಕಿದರು. "ಅಮಾವಾಸ್ಯೆಗೆ ಬರೋಕೆ ಒಪ್ಪಿದವರನ್ನ ಮೊದಲು ತಗೊಳ್ಳೋಣ. ಅವರೂ ಬೇಗ ಮುಗಿಸ್ಕೋತಾರೆ, ಹಿಂದೆ ಇರೋರಿಗೂ ಅಷ್ಟು ಕಾಯೋದು ತಪ್ಪುತ್ತೆ" ಎಂದರು. ಅಂದಿನಿಂದ ನಾನು ಮುಚ್ಚುಮರೆಯಿಲ್ಲದೆ ಕೇಳತೊಡಗಿದೆ: "ಅಮಾಸಿ ಅದ. ಬಂದ್ರ ಪಾಳಿ ಮುಂದಾಗ್ತದ. ಬರ್ತೀರೇನು?" ಮಾನ್ವಿ ಕಡೆಯ ಮುಸ್ಲಿಂ, ಕ್ರೈಸ್ತ ಹೆಣ್ಣುಮಕ್ಕಳು ಹ್ಞೂಂ ಎಂದರು. ದೇವದುರ್ಗದ ಕಡೆಯವರು ಮಾತ್ರ ಮಾತು ಮುಗಿಯುವ ಮೊದಲೇ ಫೋನ್ ಇಟ್ಟುಬಿಡುತ್ತಿದ್ದರು. ಅವರನ್ನು ಏನೆಂದು ಬೈಯಲಿ? ಅದೇ ಕಡೆಯ ಅರಕೇರಾ ನನ್ನ ತವರು. ಅಮಾವಾಸ್ಯೆಗೆ ಎತ್ತುಗಳಿಗೆ ನೊಗ ಹಾಕದ ಮನೆಯಲ್ಲೇ ನಾನು ಬೆಳೆದದ್ದು.

ಅವ್ವ ಅಲ್ಲಿ ಅಣ್ಣನ ಮನೆಯಲ್ಲಿದ್ದಳು. ಮುಟ್ಟು ನಿಂತು ಎಷ್ಟೋ ವರ್ಷಗಳಾದ ಮೇಲೆ ಅವಳಿಗೆ ಮತ್ತೆ ರಕ್ತ ಹೋಗತೊಡಗಿತ್ತು. ಯಾರಿಗೂ ಹೇಳಲಿಲ್ಲ. ಎಲ್ಲರೂ ಏಳುವ ಮೊದಲೇ ಎದ್ದು ಸೀರೆ ಒಗೆದು ಹಾಕುತ್ತಿದ್ದಳಂತೆ. ಮಗಳು ಹೆಣ್ಣುಮಕ್ಕಳ ವಾರ್ಡಿನ ಸಿಸ್ಟರ್, ಅವಳಿಗೂ ಹೇಳಲಿಲ್ಲ. ಒಂದು ದಿನ ಅತ್ತಿಗೆ ನೋಡಿ ಗಾಬರಿಯಾಗಿ ನನಗೆ ಫೋನ್ ಮಾಡಿದಳು. ಅವ್ವನನ್ನು ರಾಯಚೂರಿಗೆ ಕರೆಸಿ ಪರೀಕ್ಷೆ ಮಾಡಿಸಿದೆ. ಅವಳು ಊರಿಗೆ ಮರಳಿದ ಮೇಲೆ ವರದಿ ನೋಡಿದ ಡಾಕ್ಟರಮ್ಮ ಗರ್ಭಕೋಶದಲ್ಲಿ ಕ್ಯಾನ್ಸರ್ ಗಡ್ಡೆ ಇದೆ, ತಡಮಾಡುವ ಹಾಗಿಲ್ಲ ಎಂದರು. ಅವಸರದವರದೇ ಉದ್ದನೆಯ ಸರದಿಯಿತ್ತು. ನನ್ನವ್ವ ಎಂದು ಅವರಲ್ಲಿ ಯಾರನ್ನು ಹಿಂದೆ ಸರಿಸಲಿ? ಮುಂದಿನ ಅಮಾವಾಸ್ಯೆಗೆ ಮಾತ್ರ ಜಾಗ ಖಾಲಿಯಿತ್ತು.

ನೂರಾರು ಜನರಿಗೆ ಕೇಳಿದ ಪ್ರಶ್ನೆಯನ್ನು ಅವ್ವನಿಗೂ ಫೋನಿನಲ್ಲೇ ಕೇಳಿದೆ.

"ಅಮಾಸಿ ದಿನ ಎತ್ತಿನ ಹೆಗಲಿಗೇ ನೊಗ ಇಡಂಗಿಲ್ಲ. ನನ್ನ ಹೊಟ್ಟಿಗಿ ಚಾಕು ಹಾಕಸ್ತೀಯೇನ್ ಬೇ?" ಎಂದಳು. "ಅವತ್ತು ಹೊಳಿ ದಂಡಿಮ್ಯಾಲಿನ ಗೂಗಲ್ ಗುಡಿಗಿ ಹೋಗಿ, ಹೊಳ್ಯಾಗ ಮುಳುಗಿ, ದೇವರಿಗಿ ಕಾಯಿ ಒಡಸ್ಕೊಂಡ್ ಬರ್ತೀನಿ. ನಿನ್ನ ದವಾಖಾನಿ ಎಲ್ಲಿಗೂ ಓಡಿ ಹೋಗಂಗಿಲ್ಲ."

ಬೈದೆ, ತಿಳಿಸಿ ಹೇಳಿದೆ, ಅಣ್ಣನಿಂದ ಹೇಳಿಸಿದೆ. ಜಗ್ಗಲಿಲ್ಲ. ಕೊನೆಗೆ ಮಾತು ಮುಗಿದುಹೋಗಿ, "ಯವ್ವಾ, ನನಗ ಅಂಜಿಕಿ ಆಗೇದ" ಎಂದುಬಿಟ್ಟೆ. ಸಣ್ಣವಳಿದ್ದಾಗಲೂ ನಾನು ಅವಳ ಮುಂದೆ ಆ ಮಾತು ಆಡಿದವಳಲ್ಲ. ಅದನ್ನು ಕೇಳಿದ್ದೇ ಅವ್ವ, "ಅಂಜಬ್ಯಾಡ, ಬರ್ತೀನಿ ತಗೋ" ಎಂದಳು.

ಅಮಾವಾಸ್ಯೆಯ ಹಿಂದಿನ ದಿನವೇ ಅಣ್ಣನ ಜೊತೆ ದೇವದುರ್ಗದಲ್ಲಿ ಬಸ್ಸು ಬದಲಿಸಿ ಬಂದಳು. ಸೆರಗಿನ ತುದಿಯಲ್ಲಿ ಗೂಗಲ್‌ನ ವಿಭೂತಿ ಕಟ್ಟಿಕೊಂಡಿದ್ದಳು. ಮರುದಿನ ಥಿಯೇಟರಿಗೆ ಕರೆದೊಯ್ಯುವ ಮುಂಚೆ ಅದನ್ನು ತನ್ನ ಹಣೆಗೆ ಹಚ್ಚಿಕೊಳ್ಳುವ ಬದಲು ನನ್ನ ಹಣೆಗೆ ಹಚ್ಚಿದಳು.

ಹೊಟ್ಟೆ ತೆರೆದು ನೋಡಿದರೆ ರೋಗ ಆಗಲೇ ಹಬ್ಬಿತ್ತು. ತೆಗೆಯಬಹುದಾದಷ್ಟು ತೆಗೆದರು. ವಾರ್ಡಿನಲ್ಲಿ ಅವ್ವ ಡಾಕ್ಟರಮ್ಮನ ಕೈ ಹಿಡಿದುಕೊಂಡು ನೇರವಾಗಿ ಕೇಳಿದಳು: "ಖರೇ ಹೇಳ್ರೀ. ಬ್ಯಾರೆ ದಿನ ಮಾಡಿದ್ರ ಪೂರಾ ಹೋಗ್ತಿತ್ತೇನ್ರೀ?"

"ಇಲ್ಲಮ್ಮ. ಹೋದ ವರ್ಷವೇ ಬಂದಿದ್ರೆ ಹೋಗ್ತಿತ್ತು. ದಿನದ್ದೇನೂ ತಪ್ಪಿಲ್ಲ."

ಅವ್ವ ತಲೆಯಾಡಿಸಿದಳು. ಆಮೇಲೆ ನನ್ನ ಮುಂದೆ ಆ ಮಾತು ಎತ್ತಲಿಲ್ಲ.

ಆದರೆ ಊರು ಸುಮ್ಮನಿರಬೇಕಲ್ಲ. ಅಮಾವಾಸ್ಯೆಗೆ ಕೊಯ್ಯಿಸಿಕೊಂಡಳು, ಇನ್ನು ಹೇಗೆ ಉಳಿದಾಳು ಎಂಬ ಸುದ್ದಿ ಸುತ್ತಲಿನ ಹಳ್ಳಿಗಳಿಗೂ ಹೋಯಿತು. ಫೋನಿನಲ್ಲಿ ನನ್ನ ದನಿ ಕೇಳಿದ್ದೇ ತಡ, "ನಿಮ್ಮವ್ವಗ ಏನಾತು ನೋಡೀವಲ್ರೀ" ಎನ್ನತೊಡಗಿದರು. ಅಷ್ಟಿಷ್ಟು ಒಪ್ಪಲು ಶುರುಮಾಡಿದ್ದವರೂ ಹಿಂದೆ ಸರಿದರು. ಹಾಸಿಗೆಗಳು ಮತ್ತೆ ಖಾಲಿ. ನನ್ನವ್ವನ ನೋವನ್ನೇ ನನ್ನ ಮುಂದೆ ಹಿಡಿಯುತ್ತಿದ್ದಾರಲ್ಲ ಎಂದು ಸಂಕಟವಾಗುತ್ತಿತ್ತು. ಅವ್ವನನ್ನು ನೋಡಲು ಅರಕೇರಾಕ್ಕೆ ಹೋದಾಗ ಒಮ್ಮೆ ಸಿಟ್ಟಿಗೆ ಅವಳ ಮುಂದೆ ಇದನ್ನೆಲ್ಲ ಹೇಳಿಬಿಟ್ಟೆ. ಗೋಡೆಗೆ ಒರಗಿ ಕೂತಿದ್ದವಳು ಕೇಳಿಸಿಕೊಂಡಳು ಅಷ್ಟೇ.

ಅವ್ವ ತೀರಿಕೊಂಡದ್ದು ಶ್ರಾವಣದ ಒಂದು ಸೋಮವಾರ. ಎಂಥ ಒಳ್ಳೆಯ ದಿನ ಹೋದಳು ಎಂದು ಮಣ್ಣಿಗೆ ಬಂದವರೆಲ್ಲ ಹೇಳಿದರು. ಸೋಮವಾರವನ್ನು ಯಾರೂ ಬೈಯಲಿಲ್ಲ.

ದಿನಕರ್ಮ ಮುಗಿಸಿ ಕೆಲಸಕ್ಕೆ ಮರಳಿದೆ. ಮುಂದಿನ ಅಮಾವಾಸ್ಯೆಗೆ ಕರೆಯಬೇಕಾದವರಲ್ಲಿ ಅರಕೇರಾದ ಒಬ್ಬಳಿದ್ದಳು, ಅವ್ವನ ಓಣಿಯವಳೇ. ಅವಳಿಗೂ ಗರ್ಭಕೋಶದಲ್ಲಿ ಗಡ್ಡೆ. ಇನ್ನೂ ಸಣ್ಣದು. ಏನು ಕೇಳಬೇಕಾಗುತ್ತದೋ ಎಂದು ಅಳುಕುತ್ತಲೇ ಫೋನ್ ಹಚ್ಚಿದೆ. "ಬರ್ತೀನ್ರೀ ಯಕ್ಕಾ" ಎಂದಳು. ಎಲ್ಲರೂ ಹಾಗೇ ಅನ್ನುತ್ತಾರೆ. ನಾನು ನಂಬಲಿಲ್ಲ.

ಆ ದಿನ ಬೆಳಿಗ್ಗೆ ವಾರ್ಡಿಗೆ ಹೋದರೆ, ಚೀಲ ತೊಡೆಯ ಮೇಲಿಟ್ಟುಕೊಂಡು ಹಾಸಿಗೆಯ ಅಂಚಿಗೆ ಕೂತಿದ್ದಳು.

"ಇವತ್ತು ಅಮಾಸಿ ಅಂತ ಗೊತ್ತದ ಇಲ್ಲ?" ಎಂದೆ, ಸಾವರಿಸಿಕೊಳ್ಳಲು.

"ಗೊತ್ತದ್ರೀ. ನಿಮ್ಮವ್ವ ಓಣ್ಯಾಗಿನ ಹೆಣಮಕ್ಕಳ್ನೆಲ್ಲ ಮನಿಗಿ ಕರಸಿದ್ಳು. ‘ನನಗ ವರ್ಷಗಟ್ಲೆ ರಕ್ತ ಹೋಗಾಕತ್ತಿತ್ತು, ನಾಚಿಕಿಗಿ ಮುಚ್ಚಿಟ್ಟೆ. ಅಮಾಸಿ ನನ್ನ ಕೊಲ್ಲಲಿಲ್ಲ, ನಾ ತಡ ಮಾಡಿ ಸಾಯಾಕತ್ತೀನಿ’ ಅಂದ್ಳು. ಎಲ್ಲಾರ ಮುಂದ ಅಂದ್ಳು ಯಕ್ಕಾ. ನನ್ನ ಕೈ ಹಿಡದು ಆಣಿ ಮಾಡಿಸ್ಕೊಂಡ್ಳು, ‘ನನ್ನ ಮಗಳು ಫೋನ್ ಮಾಡಿದ್ರ ಯಾವ ದಿನ ಅಂತ ಕೇಳಬ್ಯಾಡ, ಹೋಗು’ ಅಂತ."

ಸ್ವಂತ ಮಗಳ ಮುಂದೆಯೂ ಬಾಯಿಬಿಡದ ಮಾತನ್ನು ಅವ್ವ ಓಣಿಯ ಮುಂದೆ ಹೇಳಿದ್ದಳು. ವಾರ್ಡಿನ ನಡುವೆ ನಿಂತು ಅತ್ತುಬಿಟ್ಟೆ. ಮಣ್ಣು ಮಾಡಿದ ದಿನವೂ ನಾನು ಅಷ್ಟು ಅತ್ತಿರಲಿಲ್ಲ.

ಥಿಯೇಟರಿನ ಬಾಗಿಲವರೆಗೂ ಅವಳ ಜೊತೆ ನಡೆದೆ. ಅಲ್ಲಿ ನನ್ನ ಕೈ ಬಿಗಿಯಾಗಿ ಹಿಡಿದು, "ಯಕ್ಕಾ, ಅಂಜಿಕಿ ಆಗೇದ" ಎಂದಳು.

"ಅಂಜಬ್ಯಾಡ," ಎಂದೆ. "ನೀ ತಡ ಮಾಡಿಲ್ಲ."