ಎಡಗಡೆಯ ಎರಡು ಎಲೆಗಳು

ಫೆಬ್ರವರಿ ತಿಂಗಳ ಎರಡನೆಯ ಬುಧವಾರ, ಬೆಳಿಗ್ಗೆ ಹತ್ತೂವರೆ. ಸ್ಥಳ, ಹೊಸಪೇಟೆ ಬಸ್ ನಿಲ್ದಾಣದ ಹಿಂದಿನ ರಸ್ತೆಯಲ್ಲಿ ಔಷಧಿ ಅಂಗಡಿಯ ಮೇಲಿರುವ ಫಿಸಿಯೋಥೆರಪಿ ಕೇಂದ್ರ. ಹಾಜರಿದ್ದವರು: ನಾನು, ನನ್ನ ಹೆಂಡತಿ, ಸಂಡೂರಿನಿಂದ ದಿನಾ ಬಸ್ಸಿನಲ್ಲಿ ಬಂದುಹೋಗುವ ಥೆರಪಿಸ್ಟ್ ಹೆಣ್ಣುಮಗಳು, ಕಂಪ್ಲಿಯ ರೈಸ್ ಮಿಲ್ಲಿನಲ್ಲಿ ಮೂಟೆ ಹೊರುತ್ತಿದ್ದು ಈಗ ನನ್ನಂತೆಯೇ ಲಕ್ವ ಹೊಡೆದು ಚೇತರಿಸಿಕೊಳ್ಳುತ್ತಿರುವ ಒಬ್ಬರು, ಮತ್ತು ಅವರ ಹೆಂಡತಿ.

ನನ್ನ ಸರದಿ ಹತ್ತೂವರೆಗೆ. ನಾವು ಹತ್ತೂಕಾಲಿಗೇ ಕುರ್ಚಿಯಲ್ಲಿದ್ದೆವು. ಸಂಡೂರಿನ ಗಣಿಯಲ್ಲಿ ಶಿಫ್ಟ್ ಉಸ್ತುವಾರಿಯಾಗಿ ದುಡಿದವನು ನಾನು. ಸೈರನ್ ಕೂಗಿದ ಮೇಲೆ ಗೇಟಿಗೆ ಬಂದವರನ್ನು ಕಾರಣ ಕೇಳದೆ ವಾಪಸ್ ಕಳಿಸುತ್ತಿದ್ದೆ. ನಿವೃತ್ತಿಯಾದ ಮೇಲೆ ಅದೇ ಶಿಸ್ತನ್ನು ಮಠದ ಊಟದ ಪಂಕ್ತಿಗೆ ತಂದೆ. ಆರಾಧನೆಯ ದಿನಗಳಲ್ಲಿ ಬಡಿಸುವವರ ಮುಂದಾಳು ನಾನೇ. ಬುಕ್ಕಸಾಗರದ ಕಡೆಯಿಂದ ಬರುವ ಬಾಳೆ ಎಲೆಯ ಕಟ್ಟು ಬಿಚ್ಚಿಸುವುದರಿಂದ ಹಿಡಿದು ಕಡೆಯ ಎಲೆಗೆ ಮಜ್ಜಿಗೆ ಬೀಳುವವರೆಗೆ ಎಲ್ಲವೂ ನನ್ನ ಕಣ್ಣ ಮುಂದೆಯೇ ಆಗಬೇಕು. ಪ್ರತಿಯೊಬ್ಬರ ಎಲೆಯೂ ತುಂಬುವವರೆಗೆ ಪಂಕ್ತಿಯಲ್ಲಿ ಯಾರೂ ತುತ್ತು ಎತ್ತುವಂತಿಲ್ಲ. ನಾನು ಒಮ್ಮೆ ಆ ತುದಿಯಿಂದ ಈ ತುದಿಗೆ ನೋಡಿ, "ಎಲ್ಲ ಆಯ್ತು" ಎಂದು ಕೈ ಎತ್ತಿದ ಮೇಲೆಯೇ ಊಟ ಶುರು.

ಕಳೆದ ಮಳೆಗಾಲದಲ್ಲಿ ನನ್ನ ಎಡಗೈ, ಎಡಗಾಲು ಬಿದ್ದುಹೋದವು. ಕಾಲು ಬೇಗ ಬಂತು. ಕೈ ನಿಧಾನವಾಗಿ ಬರುತ್ತಿತ್ತು. ಹಿಂದಿನ ತಿಂಗಳ ದ್ವಾದಶಿಗೆ ಕುರ್ಚಿಯಲ್ಲಿ ಕೂತೇ ಪಂಕ್ತಿ ನಡೆಸಿದ್ದೆ. ಈ ಸಲದ ಆರಾಧನೆಗೆ ಮೂರು ವಾರ ಉಳಿದಿತ್ತು. ಎಂದಿನಂತೆ ನಾನೇ ನಿಂತು ಬಡಿಸುತ್ತೇನೆ, ಪಂಕ್ತಿಯನ್ನೂ ನಡೆಸುತ್ತೇನೆ ಎಂದು ಮಠದ ವ್ಯವಸ್ಥಾಪಕರಿಗೆ ಮಾತು ಕೊಟ್ಟಿದ್ದೆ. ಹೆಂಡತಿ ಹಾಕಿದ್ದು ಒಂದೇ ಷರತ್ತು: ಥೆರಪಿಸ್ಟ್ ಹೂಂ ಅನ್ನಬೇಕು. ಕುದಿಯುವ ಸಾರಿನ ಬಕೆಟ್ಟು ಹಿಡಿದು ಜನರ ನಡುವೆ ಓಡಾಡುವ ಕೆಲಸ ಅದು. ಆ ಹೂಂ ಪಡೆಯಲಿಕ್ಕೇ ಅಂದು ಹೋಗಿದ್ದೆ. ಸಿಗುತ್ತದೆಯೋ ಇಲ್ಲವೋ ಎಂಬ ಅನುಮಾನ ನನಗಿರಲಿಲ್ಲ.

ಅಲ್ಲಿ ವಿ.ಆರ್. ಎಂಬ ಸಾಧನ ಇದೆ. ದಪ್ಪನೆಯ ಕನ್ನಡಕದಂಥ ಪೆಟ್ಟಿಗೆಯೊಂದನ್ನು ಕಣ್ಣಿಗೆ ಕಟ್ಟುತ್ತಾರೆ. ಕಟ್ಟಿದ ಕೂಡಲೇ ಕೋಣೆ ಮಾಯವಾಗಿ ಇನ್ನೊಂದು ಜಾಗ ಸುತ್ತಲೂ ಬಂದು ನಿಲ್ಲುತ್ತದೆ. ತಲೆ ತಿರುಗಿಸಿದ ಕಡೆಗೆಲ್ಲ ಆ ಜಾಗವೇ. ಎರಡು ಕೈಗೂ ಒಂದೊಂದು ಹಿಡಿಕೆ ಕೊಡುತ್ತಾರೆ. ನಮ್ಮ ಕೈ ಆಡಿದಂತೆ ಒಳಗಿನ ಕೈಯೂ ಆಡುತ್ತದೆ. ನಮ್ಮ ಕಣ್ಣಿನ ಮುಂದೆ ಇರುವುದೆಲ್ಲ ಗೋಡೆಯ ಟಿವಿಯಲ್ಲಿ ಉಳಿದವರಿಗೂ ಕಾಣುತ್ತದೆ.

ನನಗಿಂತ ಮೊದಲು ಕಂಪ್ಲಿಯವರು ಅದನ್ನು ಕಟ್ಟಿಕೊಂಡು, ನದಿಯ ಮೇಲೆ ಹಾಕಿದ ಹಲಗೆಯೊಂದನ್ನು ದಾಟುತ್ತಿದ್ದರು. ದಾಟಿ, ಪೆಟ್ಟಿಗೆ ಬಿಚ್ಚಿಸಿಕೊಂಡು, ಬೆವರು ಒರೆಸಿಕೊಂಡರು.

"ನೀರು ಭಾಳ ಚಲೋ ಐತ್ರಿ ಮೇಡಂ. ನಮ್ಮ ಹೊಳಿಯಾಗ ಇಷ್ಟು ಸ್ವಚ್ಛ ನೀರು ನಾ ಹುಟ್ಟಿದಾಗಿಂದ ನೋಡಿಲ್ಲ."

"ನೀರು ನೋಡ್ಬ್ಯಾಡ್ರಿ, ಹಲಗಿ ನೋಡ್ರಿ ಅಂದಿದ್ದೆ," ಎಂದು ಥೆರಪಿಸ್ಟ್ ನಕ್ಕು, ಪೆಟ್ಟಿಗೆಯನ್ನು ಒರೆಸಿ ನನ್ನ ಕಡೆ ಬಂದರು.

ಅವರಿಗೂ ನನಗೂ ಹಿಂದಿನ ವಾರಗಳಿಂದ ಒಂದು ವಾದ ನಡೆದಿತ್ತು. ಆ ಪೆಟ್ಟಿಗೆಯೊಳಗೆ ಮರದಿಂದ ಹಣ್ಣು ಕಿತ್ತು ಎದುರಿನ ಮಗುವಿಗೆ ಕೊಡುವ ಆಟ ಆಡಿಸುತ್ತಿದ್ದರು. ಎಡಗೈಯಿಂದ ಕೀಳಬೇಕಾದ ಎಡಗಡೆಯ ಕೊಂಬೆಯ ಹಣ್ಣುಗಳು ಪ್ರತಿ ಸಲವೂ ಹಾಗೇ ಉಳಿಯುತ್ತಿದ್ದವು. ಎಡಗೈಯಿಂದ ತಿನ್ನುವ ವಸ್ತು ಕೊಡುವುದು ನಮ್ಮಲ್ಲಿಲ್ಲ, ಅದಕ್ಕೇ ಕೀಳಲಿಲ್ಲ ಎಂದು ನಾನು ಹೇಳುತ್ತಿದ್ದೆ. ಅದು ನೆಪವೆಂದು ನನಗೇ ಗೊತ್ತಿರಲಿಲ್ಲ. ನಂಬಿಯೇ ಹೇಳುತ್ತಿದ್ದೆ.

"ಸರ್, ಇವತ್ತು ನಿಮ್ಮ ಕೆಲಸಾನೇ ಕೊಡ್ತೀನಿ. ಊಟದ ಪಂಕ್ತಿ," ಎಂದರು. "ಎಡಗೈಲೆ ಬಡಿಸಂಗಿಲ್ಲ ಅಂತೀರಲ್ಲ, ಬ್ಯಾಡ. ಬಕೆಟ್ ಯಾವ ಕೈಲೆ ಹಿಡಿತೀರಿ?"

"ಎಡಗೈಲೆ."

"ಹಂಗಾರ ಎಡಗೈಲೆ ಬಕೆಟ್ ಹಿಡೀರಿ, ಬಲಗೈಲೆ ಸೌಟು. ಇನ್ನ ತಕರಾರಿಲ್ಲಲ್ಲ?"

"ಮೇಡಂ, ನನಗೂ ಒಂದು ಎಲಿ ಹಾಕ್ಸ್ರಿ," ಎಂದರು ಕಂಪ್ಲಿಯವರು. "ಬೆಳಿಗ್ಗೆ ಬರೇ ಚಾ ಕುಡಿದು ಬಸ್ ಹತ್ತೀನಿ."

"ನಿನಗ ಎಲ್ಲಿ ಹೋದ್ರೂ ಊಟದ್ದೇ ಚಿಂತಿ. ಸುಮ್ನ ಕುಂದ್ರು," ಎಂದು ಅವರ ಹೆಂಡತಿ ಗದರಿದರು.

ಪೆಟ್ಟಿಗೆ ಕಟ್ಟಿದರು. ಬೀಳದಂತೆ ಎಡಗೈಗೆ ಹಿಡಿಕೆಯನ್ನು ಪಟ್ಟಿ ಸುತ್ತಿ ಬಿಗಿದರು. ಕಣ್ಣು ಬಿಟ್ಟರೆ ಕಂಬಗಳ ಹಜಾರ, ನೆಲದ ಮೇಲೆ ಅರ್ಧ ವೃತ್ತವಾಗಿ ಕುಳಿತ ಜನ, ಅವರ ಮುಂದೆ ಎಲೆ. ಕುರ್ಚಿಯಲ್ಲಿ ಕೂತಲ್ಲಿಂದಲೇ ಕೈ ಚಾಚಿ ಬಡಿಸಬಹುದು. ನಾನು ಮೊದಲು ಮಾಡಿದ್ದು ತಪ್ಪು ಹುಡುಕುವುದು.

"ಪಂಕ್ತಿ ಅಂದ್ರ ನೆಟ್ಟಗಿರಬೇಕು. ಎಲೆ ತುದಿ ಯಾವ ಕಡೆ ಇಟ್ಟಾರ ನೋಡ್ರಿ! ಅದು ಉಣ್ಣೋರ ಎಡಕ್ಕ ಬರಬೇಕು. ಇದನ್ನ ಮಾಡಿದವ್ರು ಒಮ್ಮೆನೂ ಎಲೆ ಮುಂದ ಕುಂತಿಲ್ಲ."

"ಬಡಿಸ್ರಿ ಸರ್, ಎಲೆ ಆಮ್ಯಾಲ ತಿರುಗಿಸೋಣ."

ಬಡಿಸಿದೆ. ಉಪ್ಪು, ಕೋಸಂಬರಿ, ಪಲ್ಯ, ಅನ್ನ, ತೊವ್ವೆ, ಸಾರು. ಬಲದಿಂದ ಶುರು ಮಾಡಿ ಎಡಕ್ಕೆ ಹೋಗಿ, ಮತ್ತೆ ಬಲಕ್ಕೆ ಬಂದೆ. ಒಂದು ಹನಿ ಆಚೆ ಬೀಳಲಿಲ್ಲ. ಎಡಗೈ ನಡುಗಿದರೂ ಬಕೆಟ್ಟು ಓರೆಯಾಗಲಿಲ್ಲ. ತಿಂಗಳುಗಳ ನಂತರ ಬಡಿಸುವ ಕೆಲಸ ನನ್ನ ಕೈಗೆ ಬಂದಂತಾಗಿ ಎದೆ ಉಬ್ಬಿತು. ಆ ತುದಿಯಿಂದ ಈ ತುದಿಗೆ ನೋಡಿ, "ಎಲ್ಲ ಆಯ್ತು" ಎಂದು ಬಲಗೈ ಎತ್ತಿದೆ.

ಶಹಬ್ಬಾಸ್ ಅನ್ನುತ್ತಾರೆಂದು ಕಾಯುತ್ತಿದ್ದೆ.

"ಯಜಮಾನ್ರ, ಆ ಇಬ್ಬರು ಏನ್ ತಪ್ಪು ಮಾಡ್ಯಾರ್ರಿ?" ಕಂಪ್ಲಿಯವರ ದನಿ.

"ಯಾವ ಇಬ್ಬರು?"

"ಅವ್ರು ನಮ್ಮ ಪೈಕಿಯವ್ರೇ ಇರಬೇಕು ಬಿಡ್ರಿ. ಅದಕ್ಕ ಯಜಮಾನ್ರಿಗೆ ಕಂಡಿಲ್ಲ."

ಅವರ ಹೆಂಡತಿ ಕಿಸಕ್ಕನೆ ನಕ್ಕರು. ನನ್ನ ಹೆಂಡತಿ ನಗಲಿಲ್ಲ. ಥೆರಪಿಸ್ಟ್ ಮೆಲ್ಲಗೆ, "ಸರ್, ತಲೆ ಎಡಗಡೆ ತಿರುಗಿಸ್ರಿ. ಇನ್ನೂ. ಇನ್ನೂ ಸ್ವಲ್ಪ. ನಿಮ್ಮ ಭುಜ ಕಾಣೋತನ," ಎಂದರು.

ತಿರುಗಿಸಿದೆ. ಅಲ್ಲಿ ಒಬ್ಬ ಮುದುಕಿ, ಪಕ್ಕದಲ್ಲಿ ಒಂದು ಹುಡುಗಿ. ಇಬ್ಬರ ಎಲೆಯ ಮೇಲೂ ಉಪ್ಪಿನ ಒಂದು ಹರಳಿಲ್ಲ. ಬಡಿಸುವವರೆಗೆ ಮುಖ ಎತ್ತಿ ನೋಡುತ್ತಲೇ ಇರುವಂತೆ ಆಟ ಮಾಡಿದವರು ಅವರನ್ನು ರೂಪಿಸಿದ್ದರು. ಇಬ್ಬರೂ ನನ್ನನ್ನೇ ನೋಡುತ್ತಿದ್ದರು.

"ಇವ್ರು ಈಗ ಬಂದು ಕುಂತಾರ," ಎಂದೆ.

"ಇಲ್ರಿ ಸರ್, ಮೊದ್ಲಿಂದ ಅದಾರ. ಇನ್ನೊಮ್ಮೆ ಮಾಡೋಣು."

ಇನ್ನೊಮ್ಮೆ ಮಾಡಿದೆ. ಈ ಸಲ ಎಚ್ಚರದಿಂದ, ಎಡಕ್ಕೆ ನೋಡಿಯೇ ಬಡಿಸಿದೆನೆಂದು ಪ್ರಮಾಣ ಮಾಡಬಲ್ಲೆ. ಕೈ ಎತ್ತಿದೆ. ಥೆರಪಿಸ್ಟ್ ಮತ್ತೆ ತಲೆ ತಿರುಗಿಸಲು ಹೇಳಿದರು; ಅವೇ ಎರಡು ಎಲೆ ಖಾಲಿ. ಕಾಣದಿರುವುದೆಂದರೆ ಅಲ್ಲಿ ಕತ್ತಲೆ ಇರುತ್ತದೆ, ಮಸುಕು ಇರುತ್ತದೆ ಎಂದು ನಾನು ತಿಳಿದಿದ್ದೆ. ಹಾಗಲ್ಲ. ಅಲ್ಲಿ ಏನಾದರೂ ಇರಬೇಕಿತ್ತು ಎಂದು ಅನ್ನಿಸುವುದೇ ಇಲ್ಲ. ಪಂಕ್ತಿ ಅಲ್ಲಿಗೆ ಸಲೀಸಾಗಿ ಮುಗಿದುಬಿಡುತ್ತದೆ.

"ಮತ್ತ ಅವ್ರಿಗೇ ಉಪವಾಸ," ಎಂದರು ಕಂಪ್ಲಿಯವರು.

ನಾನು ಪೆಟ್ಟಿಗೆಯನ್ನು ಕಿತ್ತು ತೊಡೆಯ ಮೇಲೆ ಹಾಕಿಕೊಂಡು ಅವರತ್ತ ತಿರುಗಿ ಹೇಳಿದೆ: "ಪಂಕ್ತಿ ಅಂದ್ರೇನು ಅಂತ ನಿಮಗೇನು ಗೊತ್ತು? ಬಾಯಿ ಮುಚ್ಚಿಕೊಂಡು ಕುಂದ್ರಿ."

ಗಣಿಯ ಗೇಟಿನಲ್ಲಿ ಆಡುತ್ತಿದ್ದ ದನಿ ಅದು. ಇಷ್ಟು ವರ್ಷವಾದರೂ ಹಾಗೇ ಉಳಿದಿತ್ತು. ಅವರ ಹೆಂಡತಿ ಸೆರಗು ಸರಿಮಾಡಿಕೊಂಡು ನೆಲ ನೋಡಿದರು. ಕಂಪ್ಲಿಯವರು ಮಾತ್ರ ನಗುಮುಖದಲ್ಲೇ ಹೇಳಿದರು:

"ಬಡಿಸೋದು ಗೊತ್ತಿಲ್ರಿ ಯಜಮಾನ್ರ. ಕುಂತು ಕಾಯೋದು ಗೊತ್ತೈತಿ."

ಆಮೇಲೆ ಹೆಂಡತಿಯ ಹೆಗಲು ಹಿಡಿದು ಎದ್ದು, ಬಸ್ಸಿಗೆ ಹೊತ್ತಾಯಿತೆಂದು ಹೊರಟರು. ಮೆಟ್ಟಿಲಿಳಿಯುವ ಸದ್ದು ನಿಲ್ಲುವವರೆಗೂ ನನಗೆ ಕ್ಷಮಿಸಿ ಎನ್ನುವ ಅವಕಾಶವಿತ್ತು. ನಾನು ಎಡಗೈಯ ಪಟ್ಟಿ ಬಿಚ್ಚುತ್ತಾ ಕೂತೆ.

ಥೆರಪಿಸ್ಟ್ ಸ್ಟೂಲ್ ಎಳೆದುಕೊಂಡು ಎದುರು ಕೂತರು. ಕಣ್ಣಿನ ದೋಷವಲ್ಲ, ಲಕ್ವ ಹೊಡೆದಾಗ ಮಿದುಳಿನ ಬಲಭಾಗಕ್ಕೆ ಪೆಟ್ಟಾಗಿದೆ, ಅದು ಎಡಗಡೆಯನ್ನು ಲೆಕ್ಕಕ್ಕೇ ತೆಗೆದುಕೊಳ್ಳುತ್ತಿಲ್ಲ ಎಂದು ವಿವರಿಸಿದರು. ಹಣ್ಣಿನ ಆಟದಲ್ಲೇ ಅವರಿಗೆ ಅನುಮಾನ ಬಂದಿತ್ತಂತೆ. ನಾನು ಸಂಪ್ರದಾಯದ ಮಾತು ಎತ್ತಿದ್ದರಿಂದ, ನನ್ನ ಸಂಪ್ರದಾಯದಂತೆಯೇ ನೋಡಿಬಿಡೋಣ ಎಂದು ಪಂಕ್ತಿಯನ್ನು ಆರಿಸಿದ್ದರು. ಅಭ್ಯಾಸದಿಂದ ಸುಧಾರಿಸುತ್ತದೆ, ಆದರೆ ಮೂರು ವಾರದಲ್ಲಲ್ಲ.

"ಬಿಸಿ ಸಾರು ಹಿಡಿದು ಜನರ ನಡುವೆ ಈಗ್ಲೇ ಬ್ಯಾಡ್ರಿ ಸರ್. ಎಡಗಡೆ ಒಂದು ಕೂಸು ಎದ್ದು ಬಂದ್ರ ನಿಮಗ ಗೊತ್ತಾಗಂಗಿಲ್ಲ."

ನನ್ನ ಹೆಂಡತಿ ಥೆರಪಿಸ್ಟ್ ಕಡೆ ನೋಡುತ್ತಾ, ನನಗೆ ಕೇಳುವಂತೆ, "ಮನ್ಯಾಗ ಊಟದ ನಡುವ ನಾ ತಟ್ಟಿ ತಿರುಗಿಸಿ ಇಡ್ತೀನ್ರಿ. ಇಲ್ಲಾಂದ್ರ ಅರ್ಧ ಹಂಗೇ ಬಿಡ್ತಾರ," ಎಂದಳು.

ಉಪ್ಪಿನಕಾಯಿ ಎಲ್ಲಿ, ಕೋಸಂಬರಿ ಯಾಕೆ ಹಾಕಿಲ್ಲ, ಬಡಿಸುವುದನ್ನೂ ಮರೆತೆಯಾ ಎಂದು ನಾನು ಅವಳನ್ನು ದಿನಾ ಗದರುತ್ತಿದ್ದೆ. ಅವೆಲ್ಲ ತಟ್ಟೆಯ ಎಡಗಡೆಯಲ್ಲೇ ಇರುತ್ತಿದ್ದವು. ಅವಳು "ಮರ್ತೆ" ಎಂದು ಹೇಳಿ, ನೀರು ತರಲು ಎದ್ದವಳಂತೆ ಎದ್ದು, ತಟ್ಟೆ ತಿರುಗಿಸುತ್ತಿದ್ದಳು.

"ಯಾಕ ಹೇಳಲಿಲ್ಲ?" ಎಂದೆ.

"ಹೇಳಿದ್ರ ಕೇಳ್ತಿದ್ರೇನು?"

ಆಟೋದಲ್ಲಿ ಮನೆಗೆ ಹೊರಟೆವು. ಅದಿರಿನ ಲಾರಿಯೊಂದು ಎಡಗಡೆಯಿಂದ ಹಾರನ್ ಹೊಡೆಯುತ್ತಾ ದಾಟಿಹೋಯಿತು. ಅದು ಮುಂದೆ ಬಂದಾಗಲೇ ನನಗೆ ಕಂಡಿತು.

ಥೆರಪಿಸ್ಟ್ ಒಂದು ಸುರುಳಿ ಕೆಂಪು ಟೇಪು ಕೊಟ್ಟಿದ್ದರು. ಬಾಗಿಲು, ಮೇಜು, ಓದುವ ಪೇಪರು, ಎಲ್ಲದರ ಎಡ ಅಂಚಿಗೆ ಅಂಟಿಸಿ, ಆ ಕೆಂಪು ಕಣ್ಣಿಗೆ ಬೀಳುವವರೆಗೆ ತಲೆ ತಿರುಗಿಸಬೇಕು. ಊಟವಾದ ಮೇಲೆ ಅಂಟಿಸಲು ಶುರು ಮಾಡಿ ಮೂರು ಗಂಟೆಗೆ ಮುಗಿಸಿದೆ. ನಾಲ್ಕಕ್ಕೆ ಮಠದ ವ್ಯವಸ್ಥಾಪಕರಿಗೆ ಫೋನ್ ಮಾಡಿದೆ.

"ಡಾಕ್ಟ್ರು ಭಾರ ಎತ್ತಬ್ಯಾಡ ಅಂದಾರ. ಈ ಸಲ ನಾ ಬಡಿಸೋದಾಗಂಗಿಲ್ಲ. ಕುರ್ಚಿ ಮ್ಯಾಲ ಕುಂತು ಉಸ್ತುವಾರಿ ನೋಡ್ಕೋತೀನಿ," ಎಂದೆ.

"ಉಸ್ತುವಾರಿನೂ ಬ್ಯಾಡ್ರಿ ರಾಯರ, ಆರೋಗ್ಯ ನೋಡ್ಕೋರಿ," ಎಂದು ಅವರು ತಕ್ಷಣ ಹೇಳಿದರು. ಬಾಯಿಮಾತಿಗೂ ಒತ್ತಾಯ ಮಾಡಲಿಲ್ಲ. ಆ ಅವಸರ ನನ್ನನ್ನು ಚುಚ್ಚಿತು. ಹೆಂಡತಿ ಹೂ ಕಟ್ಟುತ್ತಾ ಎಲ್ಲ ಕೇಳಿಸಿಕೊಂಡಿದ್ದಳು. ತಲೆ ಎತ್ತಿ ನೋಡಿದಳು.

ಸಂಜೆ ಸಂಧ್ಯಾವಂದನೆಗೆ ಕೂತೆ. ಮಂತ್ರ ನಾಲಿಗೆಯ ಮೇಲೆ ನಡೆಯಿತು, ಮನಸ್ಸು ನಡೆಯಲಿಲ್ಲ. ಭಾರದ ಮಾತು ಸುಳ್ಳು. ಕುರ್ಚಿಯ ಮೇಲೆ ಕೂತು ಉಸ್ತುವಾರಿ ಮಾಡುತ್ತೇನೆಂದದ್ದು ಅದಕ್ಕಿಂತ ಕೆಟ್ಟದ್ದು. ಹಸಿದವರನ್ನು ಮತ್ತೆ ಕೂರಿಸಿ ಕಾಯಿಸುವ ಹಕ್ಕನ್ನು ಉಳಿಸಿಕೊಳ್ಳಲು ನೋಡಿದ್ದೆ. ಎದ್ದು, ಶಲ್ಯ ಹೊದ್ದು, ಮತ್ತೆ ಫೋನ್ ಮಾಡಿದೆ.

"ನಾ ಆಗ್ಲೆ ಹೇಳಿದ್ದು ಖರೆ ಅಲ್ಲ. ಭಾರದ ಮಾತಲ್ಲ ಅದು. ನನಗ ಎಡಗಡೆ ಕುಂತವ್ರು ಕಾಣಂಗಿಲ್ಲ. ಎಲೆ ಖಾಲಿ ಇದ್ರೂ ಎಲ್ಲ ಆಯ್ತು ಅಂತ ಕೈ ಎತ್ತತೀನಿ."

"ಗೊತ್ತದರಿ ರಾಯರ," ಎಂದರು. "ಹೋದ ತಿಂಗಳು ದ್ವಾದಶಿ ದಿನ ನೀವು ಕುಂತು ನೋಡ್ಕೋತಿದ್ರಲ್ಲ, ನೀವು ಕೈ ಎತ್ತಿದಾಗ ಬಾಗಿಲ ಕಡೆಯವ್ರಿಗೆ ಅನ್ನ ಬಿದ್ದಿರಲಿಲ್ಲ. ನಾವ ಹಿಂದಿಂದ ಹೋಗಿ ಹಾಕಿದ್ವಿ. ನಿಮಗ ಹೆಂಗ ಹೇಳೋದು ಅಂತ ಸುಮ್ನಿದ್ವಿ."

ಹಾಗಾದರೆ ಆ ದಿನ ಹಜಾರದಲ್ಲಿದ್ದವರೆಲ್ಲ ನೋಡಿದ್ದಾರೆ. ನಾನು ಕೈ ಎತ್ತಿ ಗಂಭೀರವಾಗಿ ಕೂತಿದ್ದೆ, ಅವರು ನನ್ನ ಬೆನ್ನ ಹಿಂದೆ ಅನ್ನದ ಪಾತ್ರೆ ಹಿಡಿದು ಓಡಾಡಿದ್ದಾರೆ.

"ಬಾಗಿಲ ಕಡೆ ಯಾರು ಕುಂತಿದ್ರು?" ಎಂದು ಕೇಳಿದೆ.

"ಅಡಿಗಿಯವ್ರ ಮನಿಯವ್ರು. ತಾಯಿ, ಮಗಳು."

"ಅವ್ರಿಗೆ ನನ್ನ ಹೆಸರು ಹೇಳಿ ತಪ್ಪಾಯ್ತು ಅನ್ರಿ. ಬ್ಯಾಡ, ನಾನೇ ಬಂದು ಹೇಳ್ತೀನಿ. ಆರಾಧನೆಗೆ ಕೈ ಎತ್ತೋದು ಬ್ಯಾರೆಯವ್ರಿಗೆ ಕೊಡ್ರಿ. ಪಂಕ್ತಿ ನಡುವ ನಡೆದು ಹೋಗಿ, ಒಂದೊಂದು ಎಲೆ ಮುಂದ ನಿಂತು ನೋಡಿ ಆಮ್ಯಾಲ ಎತ್ತೋರಿಗೆ."

"ಆತ್ರಿ," ಎಂದರು.

ಗಂಟೆ ಏಳೂಕಾಲು. ಫೋನ್ ಕೆಳಗಿಟ್ಟೆ. ಆ ದಿನದ ಕೆಲಸದಲ್ಲಿ ಮುಗಿದದ್ದು ಅಷ್ಟು. ಕಂಪ್ಲಿಯವರಿಗೆ ಹೇಳಬೇಕಾದ್ದು ಮುಗಿದಿರಲಿಲ್ಲ.