ಆಯುಧಪೂಜೆಗೆ ನಿಂತ ಫ್ರೀಜರ್

ನಾನು ನಿಂತಿದ್ದುದು ಮಂಡ್ಯದ ನಮ್ಮ ಕಾಲೇಜಿನ ಲ್ಯಾಬಿನ ಹೊಸ್ತಿಲಲ್ಲಿ, ಹಲವು ವರ್ಷಗಳ ಹಿಂದೆ ದಸರಾ ರಜೆ ಮುಗಿದು ಬಾಗಿಲು ತೆಗೆದ ಬೆಳಿಗ್ಗೆ. ಮೊದಲು ಬಂದದ್ದು ಕೊಳೆತ ಚೆಂಡುಹೂವಿನ ವಾಸನೆ. ಆಮೇಲೆ ಕಂಡದ್ದು ನೀರು. ಡೀಪ್ ಫ್ರೀಜರಿನ ಅಡಿಯಿಂದ ಹರಿದು ಮೇಜಿನ ಕಾಲಿನ ತನಕ ಬಂದಿತ್ತು. ಈ ವರ್ಷ ಹಬ್ಬ ಕಳೆದ ಮೇಲೆ, ಮದ್ದೂರಿನ ಮನೆಯಲ್ಲಿ ಸ್ಕೂಟರಿನ ಹಾರ ಬಿಚ್ಚುವಾಗ ಅದೇ ವಾಸನೆ ಮತ್ತೆ ಬಂತು...

ಆ ಲ್ಯಾಬು ಮೇಡಂ ಅವರದು. ನಾನು ಅವರ ಕೈಕೆಳಗಿನ ಸಹಾಯಕ. ಅವರು ಆತಗೂರಿನ ಕಡೆಯವರು. ಚಿಕ್ಕಂದಿನಲ್ಲಿ ಮನೆಯ ಹಸುವಿಗೆ ಕೆಚ್ಚಲು ಬಾವು ಬಂದು ಯಾವ ಇಂಜೆಕ್ಷನ್ನಿಗೂ ಬಗ್ಗದೆ ಹೋದದ್ದನ್ನು, ತಾಯಿ ರಕ್ತ ಬೆರೆತ ಹಾಲನ್ನು ತಿಪ್ಪೆಗೆ ಸುರಿದು ಬರುತ್ತಿದ್ದುದನ್ನು ಆಗಾಗ ಹೇಳುತ್ತಿದ್ದರು. ಆ ಬಾವು ತರುವ ರೋಗಾಣುವನ್ನು ಕೊಲ್ಲುವ ಪುಟ್ಟ ಪ್ರೋಟೀನೊಂದನ್ನು ಬ್ಯಾಕ್ಟೀರಿಯಾದಿಂದಲೇ ಮಾಡಿಸಬೇಕೆಂಬುದು ಅವರ ಹಟ. ಅದರ ಜೀನನ್ನು ಬ್ಯಾಕ್ಟೀರಿಯಾದೊಳಗೆ ಸೇರಿಸಿದ್ದರು. ಆದರೆ ಆ ಪ್ರೋಟೀನು ತನ್ನನ್ನು ತಯಾರಿಸಿದ ಬ್ಯಾಕ್ಟೀರಿಯಾವನ್ನೂ ಕೊಲ್ಲುತ್ತಿತ್ತು. ವರ್ಷಗಟ್ಟಲೆ ನಮಗೆ ಸಿಕ್ಕಿದ್ದು ಸತ್ತ ಫ್ಲಾಸ್ಕುಗಳು. ಕಡೆಗೆ ಅದಕ್ಕೆ ಇನ್ನೊಂದು ದೊಡ್ಡ ಪ್ರೋಟೀನನ್ನು ಒರೆಯಂತೆ ತೊಡಿಸಿದರು. ಹೊರಗೆ ತೆಗೆದ ಮೇಲೆ ಒರೆಯನ್ನು ಕತ್ತರಿಸುವುದು.

"ಕತ್ತೀನ ಒರೆ ಇಲ್ದೆ ಮಡ್ಲಲ್ಲಿ ಇಟ್ಕೊ ಅಂದ್ರೆ ಅದಾದ್ರೂ ಏನು ಮಾಡ್ತದಯ್ಯ, ಪಾಪ" ಎಂದು ನಕ್ಕಿದ್ದರು.

ಆ ಸಲ ಬ್ಯಾಕ್ಟೀರಿಯಾ ಬದುಕಿತು, ಪ್ರೋಟೀನೂ ಸಿಕ್ಕಿತು. ಬ್ಯಾಕ್ಟೀರಿಯಾ ತುಂಬಿದ ಪುಟ್ಟ ಟ್ಯೂಬುಗಳು ಫ್ರೀಜರ್ ಸೇರಿದವು. ಮೇಡಂ ನಿವೃತ್ತಿಗೆ ಒಂದೇ ಸೆಮಿಸ್ಟರ್ ಉಳಿದಿತ್ತು. ಅಷ್ಟರೊಳಗೆ ಬಾವು ಬಂದ ಹಸುವಿನ ಹಾಲಿನ ಮೇಲೆ ಅದನ್ನು ಪರೀಕ್ಷಿಸಿ ನೋಡಬೇಕಿತ್ತು. ಒಂದೆರಡು ಟ್ಯೂಬನ್ನು ಮೈಸೂರಿನ ಗೆಳತಿಯ ಲ್ಯಾಬಿನಲ್ಲಿ ಇಟ್ಟುಬರುತ್ತೇನೆ, ಹಬ್ಬ ಕಳೆಯಲಿ ಎಂದಿದ್ದರು...

ರಜೆಗೆ ಮುಂಚಿನ ಮಧ್ಯಾಹ್ನ ಪೂಜೆ ಮಾಡಿದೆವು. ಲ್ಯಾಬಿನ ಒಂದೊಂದು ಯಂತ್ರಕ್ಕೂ ಕುಂಕುಮ, ಹೂವು. ಮೇಡಂ ಮತ್ತು ನಾನು ಪ್ರಸಾದದ ಚರ್ಪು ತಿಂದು ಬಸ್ಸಿಗೆ ಹೊರಟೆವು. ಬೀಗ ಹಾಕಲು ಉಳಿದದ್ದು ಆಯಮ್ಮ, ಲ್ಯಾಬು ಗುಡಿಸಿ ಒರೆಸುತ್ತಿದ್ದ ಬೆಸಗರಹಳ್ಳಿಯ ಹೆಂಗಸು.

ರಜೆ ಮುಗಿದ ಆ ಬೆಳಿಗ್ಗೆ ನನ್ನ ಪಕ್ಕದಲ್ಲಿ ನಿಂತು ನೀರು ನೋಡಿದವಳೂ ಅವಳೇ. ಹಿಂದೆಯೇ ಬಂದ ಮೇಡಂಗೆ ಹೇಳಿದಳು:

"ಅಬ್ಬ ಅಲ್ವಾ ಮೇಡಂ, ಅದೂ ವಸಿ ಮನಿಕ್ಕಳ್ಳಿ ಅಂತ ಪ್ಲಗ್ ಕಿತ್ತೆ. ನಮ್ಮನೇಲಿ ಪಂಪ್‌ಸೆಟ್ಟೂ ಅವತ್ತು ಓಡ್ಸಾಕಿಲ್ಲ."

ಮೇಡಂ ಫ್ರೀಜರ್ ತೆರೆದು ಒಂದು ಟ್ಯೂಬನ್ನು ಬೆರಳಲ್ಲಿ ಹಿಡಿದು ನೋಡಿದರು. ಒಳಗಿನದು ಕರಗಿ ಬೆಚ್ಚಗಾಗಿತ್ತು. ಆಯಮ್ಮನಿಗೆ ಏನೋ ಅರ್ಥವಾಗಿ ಅಳತೊಡಗಿದಳು.

"ಅಳ್ಬೇಡ ಕಣಮ್ಮ. ನೀನು ದೇವ್ರಿಗೆ ಮಾಡ್ದೆ. ಇದು ಮನಿಕ್ಕಂಡ್ರೆ ಏಳಾಕಿಲ್ಲ ಅಂತ ನಾನು ನಿಂಗೆ ಹೇಳಿರ್ಲಿಲ್ಲ."

ಇದ್ದಬದ್ದ ಟ್ಯೂಬುಗಳನ್ನೆಲ್ಲ ಹೊಸ ಪ್ಲೇಟುಗಳಿಗೆ ಹಾಕಿದರು. ಮಾರನೆಯ ದಿನ ಅಲ್ಲೊಂದು ಇಲ್ಲೊಂದು ಬಿಳಿ ಚುಕ್ಕೆ ಎದ್ದಿತ್ತು. ಆಯಮ್ಮ ಕೈಮುಗಿದಳು. ಮೇಡಂ ಮಾತ್ರ ಚುಕ್ಕೆಗಳಿಗೆ ನಂಬರು ಬರೆಯತೊಡಗಿದರು. ಆ ವಾರವೆಲ್ಲ ಒಂದೊಂದನ್ನೇ ಬೆಳೆಸಿ ಪರೀಕ್ಷಿಸಿದೆವು. ಯಾವುದೂ ಆ ಪ್ರೋಟೀನನ್ನು ತಯಾರಿಸಲಿಲ್ಲ. ನಾವು ಸೇರಿಸಿದ್ದ ಜೀನಿನ ಹೊರೆಯನ್ನು ಕಳಚಿ ಎಸೆದ ಬ್ಯಾಕ್ಟೀರಿಯಾಗಳು ಮಾತ್ರ ಬದುಕಿಕೊಂಡಿದ್ದವು.

ಮೇಡಂ ಮೊದಲಿನಿಂದ ಮತ್ತೆ ಶುರುಮಾಡಿದರು. ನಿವೃತ್ತಿಯ ದಿನ ಹಾರ ಹಾಕಿಸಿಕೊಂಡು ಬಂದವರು ಏಪ್ರನ್ ತೊಟ್ಟು ಸಂಜೆಯ ತನಕ ಕೂತಿದ್ದರು. ಮುಗಿಯಲಿಲ್ಲ... ಹೋದ ವರ್ಷ ತೀರಿಕೊಂಡರು.

ಆ ಬೆಳಿಗ್ಗೆ ಅಲ್ಲಿದ್ದವರಲ್ಲಿ ಈಗ ಇರುವುದು ನಾನು, ಮತ್ತು ಬೆಸಗರಹಳ್ಳಿಯಲ್ಲಿ ಆಯಮ್ಮ. ಕೆಲಸ ಬಿಟ್ಟ ಮೇಲೂ ಪ್ರತಿ ಆಯುಧಪೂಜೆಗೆ ಅವಳು ಫೋನ್ ಮಾಡುತ್ತಾಳೆ. ಊಟದ ವಿಚಾರವಿಲ್ಲ, ಹಬ್ಬದ ವಿಚಾರವಿಲ್ಲ.

"ಪೆಟ್ಗೆ ಓಡ್ತಾ ಅದಾ, ಮಗ?"

ಪೆಟ್ಟಿಗೆಯೆಂದರೆ ಅವಳಿಗೆ ಆ ಫ್ರೀಜರ್. ಓಡುತ್ತಿದೆ ಎನ್ನುತ್ತೇನೆ. ಓಡುತ್ತಲೇ ಇದೆ. ಮೇಡಂ ಟ್ಯೂಬುಗಳನ್ನಿಡುತ್ತಿದ್ದ ಅರೆಯಲ್ಲಿ ಹಿಮ ಬಿಟ್ಟರೆ ಏನೂ ಇಲ್ಲ ಎಂದು ಈ ವರ್ಷವೂ ಅವಳಿಗೆ ಹೇಳಲಿಲ್ಲ.